ನುಚ್ಚಿನ ನ್ಯಾಯಕ್ಕೆ ಒಸಾಕಾಕ್ಕೆ ಹೋದದ್ದು

ಮದ್ದೂರು

ನಾನು ಜಪಾನಿಗೆ ಹೋಗಿಬಂದೆನೆಂದು ತಿಳಿದವರು, ಅದರಲ್ಲೂ ಮಂಡ್ಯದ ನನ್ನ ವಕೀಲ ಮಿತ್ರರು, ಮೊದಲು ಕೇಳುವುದು "ಅಲ್ಲಿಯ ಕೋರ್ಟು ಹೇಗಿದೆ?" ಎಂದು. ಕೋರ್ಟನ್ನು ನಾನು ನೋಡಲೇ ಇಲ್ಲ. ಒಂಬತ್ತು ದಿನ ಇದ್ದು, ಒಂದು ವ್ಯಾಜ್ಯ ಮುಗಿಸಿಕೊಂಡು, ಕೋರ್ಟಿನ ಬಾಗಿಲು ಎತ್ತ ಇದೆ ಎಂದೂ ತಿಳಿಯದೆ ವಾಪಸು ಬಂದೆ. ಇದನ್ನು ಹೇಳಿದರೆ ಅವರು ನಗುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವ್ಯಾಜ್ಯ ಪುಟ್ಟತಾಯಮ್ಮನವರದು. ಮದ್ದೂರಿನಲ್ಲಿ ಅವರದೊಂದು ರೈಸ್ ಮಿಲ್ಲು. ಗಂಡ ತೀರಿಕೊಂಡ ಮೇಲೆ ಮೈದುನರು "ಮುಚ್ಚಿಬುಡು" ಎಂದರೂ ಮುಚ್ಚದೆ ನಡೆಸಿದ ಹೆಂಗಸು. ವಯಸ್ಸು ಐವತ್ತೈದರ ಮೇಲೆ. ಕನ್ನಡ ಓದಬಲ್ಲರು, ಇಂಗ್ಲಿಷ್ ಬಾರದು. ಹಳೆಯ ಹಲ್ಲರ್ ಮಿಲ್ಲಿನಲ್ಲಿ ಅಕ್ಕಿ ಪೋಲಾಗುತ್ತದೆ, ಜಪಾನಿನ ರಬ್ಬರ್ ರೋಲರ್ ಮೆಷಿನ್ನು ತಂದರೆ ಕಾಳು ಮುರಿಯುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಲೈಸೆನ್ಸಿಗಾಗಿ ಎರಡು ವರ್ಷ ಅಲೆದು, ಒಸಾಕಾದ ಒಂದು ಕಂಪನಿಯಿಂದ ಮೆಷಿನ್ನು ತರಿಸಿದರು. ಆ ಕರಾರು ಪತ್ರವನ್ನು ಓದಿ ಹೇಳಿದವನು ನಾನೇ. ಕಂಪನಿಗೆ ಕಾಗದ ಬರೆಯುತ್ತಿದ್ದವನೂ ನಾನೇ.

ಮೆಷಿನ್ನು ಬಂತು, ಪೂಜೆಯಾಯಿತು, ತಿರುಗಿತು. ಅಕ್ಕಿಗಿಂತ ಹೆಚ್ಚಾಗಿ ನುಚ್ಚು ಉದುರಿತು. ಕೆರಗೋಡಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ರೈತರೊಬ್ಬರು ಬೊಗಸೆಯಲ್ಲಿ ಎತ್ತಿ ನೋಡಿ, "ಬತ್ತ ಕೊಟ್ರೆ ಅಕ್ಕಿ ಕೊಡ್ತೀಯ ಅಂತ ಬಂದೊ ಕಣಮ್ಮ. ಕೋಳಿಗಾಕೋಕೆ ನಮ್ತಾವೇ ಬೇಕಾದಂಗದೆ" ಎಂದು ಉಳಿದ ಮೂಟೆಗಳನ್ನು ಗಾಡಿಗೆ ಏರಿಸಿದರು. ಮುಂದಿನ ವಾರಕ್ಕೆ ಯಲಿಯೂರಿನ ಕಡೆಯವರೂ ಬರುವುದು ನಿಂತಿತು. ಇನ್ನೊಂದು ಸುಗ್ಗಿ ಹೀಗೇ ಕಳೆದರೆ ಮೈದುನರ ಮಾತೇ ಗೆಲ್ಲುತ್ತಿತ್ತು.

ಕರಾರಿನಲ್ಲಿ ಒಂದು ಕಲಮು ಇತ್ತು. ತಕರಾರು ಬಂದರೆ ಮೊದಲು ಒಸಾಕಾದಲ್ಲಿ ಒಬ್ಬ ಮಧ್ಯಸ್ಥರ ಮುಂದೆ ಮೂರು ಬಾರಿ ಕೂತು ರಾಜಿಗೆ ಪ್ರಯತ್ನ ಪಡಬೇಕು. ಆಗದಿದ್ದರೆ ಲಂಡನ್ನಿನಲ್ಲಿ ಪಂಚಾಯ್ತುದಾರರು ವಿಚಾರಣೆ ಮಾಡಿ ತೀರ್ಪು ಕೊಡುತ್ತಾರೆ. ನಿಜ ಹೇಳಿಬಿಡುತ್ತೇನೆ: ನನ್ನ ಕಣ್ಣು ಲಂಡನ್ನಿನ ಮೇಲಿತ್ತು. ಒಸಾಕಾ ಒಂದು ಶಾಸ್ತ್ರ, ಮೂರು ಸಲ ಕೂತು ಎದ್ದರೆ ಮುಗಿಯಿತು ಎಂದುಕೊಂಡಿದ್ದೆ. ಲಂಡನ್ನಿನಲ್ಲಿ ವಾದ ಮಾಡಿದ ಮಂಡ್ಯದ ಮೊದಲ ವಕೀಲ ಎನ್ನಿಸಿಕೊಳ್ಳುವ ಆಸೆ ಯಾರಿಗೆ ಇರುವುದಿಲ್ಲ? ಒಂದು ಹೊಸ ಕರಿಕೋಟನ್ನೂ ಹೊಲಿಸಿಕೊಂಡೆ.

ಇಬ್ಬರಿಗೂ ಟಿಕೆಟ್ಟನ್ನು ಕಂಪನಿಯೇ ಕಳಿಸಿತು. ಅದೇ ನನಗೆ ಅನುಮಾನ. ಎದುರು ಪಾರ್ಟಿ ಬಸ್ ಚಾರ್ಜು ಕೊಟ್ಟು ಕರೆಸಿಕೊಳ್ಳುವುದನ್ನು ನಾನು ಮಂಡ್ಯದಲ್ಲಿ ಕಂಡವನಲ್ಲ.

ಒಸಾಕಾ, ವಿಮಾನ ನಿಲ್ದಾಣ

ಬೊಂಬಾಯಿಯಿಂದ ಹಾಂಗ್‌ಕಾಂಗ್, ಅಲ್ಲಿಂದ ಒಸಾಕಾ. ವಿಮಾನದಲ್ಲಿ ಪುಟ್ಟತಾಯಮ್ಮನವರು ಹೆದರಲಿಲ್ಲ. ಹೆದರಿದವನು ನಾನು. ಮೋಡದೊಳಗೆ ವಿಮಾನ ಅಲುಗಾಡಿದಾಗ ನಾನು ಕುರ್ಚಿಯ ಕೈ ಬಿಗಿಹಿಡಿದಿದ್ದನ್ನು ನೋಡಿ, "ಮಳವಳ್ಳಿ ಬಸ್ಸು ಇದ್ಕಿಂತ ಜಾಸ್ತಿ ಕುಲುಕ್ತದೆ, ಸುಮ್ಕಿರಿ ಸಾಮಿ" ಎಂದರು.

ಒಸಾಕಾದಲ್ಲಿ ಇಳಿದ ಮೇಲೆ ಎಡವಟ್ಟಾಯಿತು. ಅವರು ಕೈಚೀಲದಲ್ಲಿ ಹತ್ತು ಸೇರು ಭತ್ತ, ಜೊತೆಗೊಂದು ಪೊಟ್ಟಣ ನುಚ್ಚು ತುಂಬಿಕೊಂಡು ಬಂದಿದ್ದರು, ಸಾಕ್ಷಿಗೆಂದು. ನನಗೂ ಹೇಳಿರಲಿಲ್ಲ. ಸಿಪ್ಪೆ ಇರುವ ಭತ್ತವನ್ನು ಹೊರಗಿನಿಂದ ತರುವಂತಿಲ್ಲ, ಬೆಳೆಗೆ ರೋಗ ಬರಬಹುದು ಎಂದು ಅಲ್ಲಿಯ ಅಧಿಕಾರಿ ಚೀಲವನ್ನು ಪಕ್ಕಕ್ಕಿಟ್ಟ. ನುಚ್ಚಿನ ಪೊಟ್ಟಣಕ್ಕೆ ಮಾತ್ರ ಅಡ್ಡಿಯಿಲ್ಲ ಎಂದ. ಪುಟ್ಟತಾಯಮ್ಮನವರು ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟರು.

"ನನ್ ಬತ್ತ ಬುಟ್ಟು ನಾನು ಎಲ್ಲಿಗೂ ಬರಾಕಿಲ್ಲ. ರೋಗ ಅಂತೆ! ಒಂದು ಉಳ ತೋರ್ಸು ಅನ್ನಿ ಅವ್ನಿಗೆ."

ಅಧಿಕಾರಿ ಕೂಗಾಡಲಿಲ್ಲ. ಚೀಲಕ್ಕೆ ಒಂದು ರಸೀತಿ ಬರೆದು, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಡು ಬಗ್ಗಿಸಿದ. ಅವರಿಗೆ ಗಲಿಬಿಲಿಯಾಯಿತು. ಎದ್ದು ನಿಂತು ಕೈಮುಗಿದರು. ಆತ ಇನ್ನಷ್ಟು ಬಗ್ಗಿದ. ಇವರೂ ಬಗ್ಗಿದರು. ಹೀಗೆ ನಾಲ್ಕು ಸಲ ಆದ ಮೇಲೆ ಅವರು ರಸೀತಿಯನ್ನು ಸೆರಗಿಗೆ ಗಂಟುಹಾಕಿಕೊಂಡು, "ಮರ್ವಾದಸ್ತ ಕಣ್ ಸಾಮಿ. ನಮ್ ತಾಲ್ಲೂಕಾಪೀಸ್ನಾಗೆ ಇಂಗೆ ಒಬ್ನಾರ ಬಗ್ಗವ್ನಾ?" ಎಂದು ಹೊರಟರು.

ಹೊರಗೆ ಕಾಯುತ್ತಿದ್ದವರು ಇಬ್ಬರು. ಕಂಪನಿಯ ರಫ್ತು ವಿಭಾಗದ ಮೋರಿತ, ಮತ್ತು ಇಂಗ್ಲಿಷ್ ಬಲ್ಲ ದುಭಾಷಿ ಹೆಣ್ಣುಮಗಳು ಹಿರಾಯಿ. ಮೋರಿತ ನಮ್ಮ ಪೆಟ್ಟಿಗೆ ಹೊರಲು ಬಂದಾಗ ನಾನು ಕೊಡಲಿಲ್ಲ. ದಸ್ತಾವೇಜುಗಳಿದ್ದುವಲ್ಲ.

ಮೊದಲನೆಯ ಬೈಠಕ್ಕು

ನಾನು ಕರಿಕೋಟು ಹಾಕಿಕೊಂಡು ಹೋದೆ. ಎತ್ತರದ ಪೀಠ, ಕಟಕಟೆ, ಡವಾಲಿ ಜವಾನ ಇರುತ್ತಾರೆಂದುಕೊಂಡಿದ್ದೆ. ಇದ್ದದ್ದು ಒಂದು ಸಾಧಾರಣ ಕೋಣೆ, ದುಂಡು ಮೇಜು, ಕಿಟಕಿಯಲ್ಲಿ ಒಂದು ಹೂವಿನ ಕುಂಡ. ಮಧ್ಯಸ್ಥರ ಹೆಸರು ಓಕಾನೋ. ಎಪ್ಪತ್ತು ದಾಟಿದ ಮುದುಕ, ಹಿಂದೆ ನೂಲಿನ ವ್ಯಾಪಾರಿಯಾಗಿದ್ದವರು. ಕಾನೂನು ಓದಿದವರಲ್ಲ. ಅವರೇ ಎದ್ದು ನಮಗೆ ಹಸಿರು ಚಹಾ ಸುರಿದುಕೊಟ್ಟರು. ನ್ಯಾಯ ಹೇಳುವವರ ಕೈಯಿಂದ ಚಹಾ ಕುಡಿಯುವುದು ಸರಿಯೇ ಎಂದು ನಾನು ಯೋಚಿಸುವಷ್ಟರಲ್ಲಿ ಪುಟ್ಟತಾಯಮ್ಮನವರು ಒಂದು ಗುಟುಕು ಕುಡಿದು, "ಸಕ್ಕರೆ ಮರ್ತವ್ರೆ" ಎಂದು ನನಗೆ ಪಿಸುಗುಟ್ಟಿದರು.

ನಾನು ಎದ್ದು ನಿಂತು, "ಮೈ ಲಾರ್ಡ್" ಎಂದು ಶುರುಮಾಡಿ ಮುಕ್ಕಾಲು ಗಂಟೆ ಮಾತಾಡಿದೆ. ಹಿರಾಯಿ ಅದನ್ನು ಐದು ನಿಮಿಷದಲ್ಲಿ ಜಪಾನಿ ಭಾಷೆಗೆ ತಿರುಗಿಸಿದಳು. ನನ್ನ ಪ್ರತಿ ಮಾತಿಗೂ ಮೋರಿತ ತಲೆಯಾಡಿಸಿ, "ಹಾಯ್, ಹಾಯ್" ಎನ್ನುತ್ತಿದ್ದ. ಹಾಯ್ ಎಂದರೆ ಹೌದು ಎಂದು ವಿಮಾನದಲ್ಲಿ ಕೊಟ್ಟ ಪುಸ್ತಕದಲ್ಲಿ ಓದಿದ್ದೆ. ಆದ್ದರಿಂದ ಒಂದೊಂದು ಹಾಯ್ ಬಂದಾಗಲೂ ನನ್ನ ಹಾಳೆಯಲ್ಲಿ "ಪ್ರತಿವಾದಿ ಒಪ್ಪಿದ್ದಾರೆ" ಎಂದು ಬರೆದುಕೊಂಡೆ. ಕೊನೆಗೆ ಹದಿನೇಳು ಒಪ್ಪಿಗೆಗಳಾದವು. ಅದನ್ನು ಹಿರಾಯಿಗೆ ತೋರಿಸಿದಾಗ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹಾಯ್ ಎಂದರೆ ಇಲ್ಲಿ "ಕೇಳಿಸಿಕೊಳ್ಳುತ್ತಿದ್ದೇನೆ" ಎಂದಷ್ಟೇ ಅರ್ಥವಂತೆ.

ಓಕಾನೋ ನನ್ನ ದಸ್ತಾವೇಜಿನ ಕಟ್ಟನ್ನು ಬಿಚ್ಚಲೇ ಇಲ್ಲ. ಪುಟ್ಟತಾಯಮ್ಮನವರ ಕಡೆ ತಿರುಗಿ, ಮಿಲ್ಲಿನಲ್ಲಿ ಎಷ್ಟು ಜನ ದುಡಿಯುತ್ತಾರೆ, ನಾಟಿ ಯಾವಾಗ, ಕಾಲುವೆ ನೀರು ಎಷ್ಟು ತಿಂಗಳು ಬರುತ್ತದೆ ಎಂದೆಲ್ಲ ಹಿರಾಯಿಯ ಇಂಗ್ಲಿಷು, ನನ್ನ ಕನ್ನಡದ ಮೂಲಕ ಕೇಳಿದರು. ಅವರು ಹೇಳಿದರು. ಗಂಡ ಹೋದದ್ದು, ಮೈದುನರ ಮಾತು, ಕೆರಗೋಡಿನವರು ಗಾಡಿ ತಿರುಗಿಸಿಕೊಂಡು ಹೋದದ್ದು. ವ್ಯಾಜ್ಯಕ್ಕೆ ಸಂಬಂಧವಿಲ್ಲದ ಮಾತು ಎಂದು ನಾನು ಎರಡು ಸಲ ಆಕ್ಷೇಪಣೆ ಎತ್ತಿದೆ. ಮುದುಕ ನನಗೂ "ಹಾಯ್" ಎಂದರು.

ಕೊನೆಗೆ ಅವರೊಂದು ನಿಯಮ ತಿಳಿಸಿದರು. ಮುಂದಿನ ಬೈಠಕ್ಕಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡುತ್ತಾರೆ. ಒಳಗೆ ಆಡಿದ್ದು ಒಳಗೇ ಇರಬೇಕು, ಹೊರಗೆ ಯಾರೂ ಆಡಬಾರದು.

ನನಗೆ ಸಿಟ್ಟು ಬಂತು. ನಮ್ಮಲ್ಲಿ ಒಬ್ಬ ಮುನ್ಸೀಫರು ಒಂದು ಪಾರ್ಟಿಯನ್ನು ಒಬ್ಬಂಟಿಯಾಗಿ ಕೋಣೆಗೆ ಕರೆದರೆ ಸಾಯಂಕಾಲದೊಳಗೆ ಮೂಗರ್ಜಿ ಹೋಗುತ್ತದೆ. ಪುಟ್ಟತಾಯಮ್ಮನವರಿಗೂ ಹಿಡಿಸಲಿಲ್ಲ. ಅವರ ತವರು ಕಿರುಗಾವಲು. "ನಮ್ಮೂರ್ನಾಗೆ ಅರಳಿಕಟ್ಟೆ ಮೇಲೆ ಕೂತು ನಾಯ ಯೋಳೋರು. ಊರೆಲ್ಲ ನಿಂತು ಕೇಳೋದು. ನಾಯ ಅಂದ್ರೆ ನಾಕ್ ಜನಕ್ಕೆ ಕೇಳಿಸ್ಬೇಕು. ಬಾಗ್ಲು ಆಕೊಂಡು ಏನ್ ನಾಯ?"

ಹೋಟೆಲಿನ ಊಟದ ಮನೆ

ನಮ್ಮ ಹೋಟೆಲಿನಲ್ಲೇ ಫ್ಲೆಚರ್ ಎಂಬ ಇಂಗ್ಲಿಷಿನವನಿದ್ದ. ಹತ್ತಿ ವ್ಯಾಪಾರದ ಕೆಲಸಕ್ಕೆ ಬಂದವನು. ಲಂಡನ್ನಿನ ಪಂಚಾಯ್ತಿ ಹೇಗೆ ನಡೆಯುತ್ತದೆ ಎಂದು ನಾನು ಉತ್ಸಾಹದಿಂದ ಕೇಳಿದೆ.

"ಸರಕಿನ ಗುಣದ ತಕರಾರಾದರೆ ಸುಲಭ," ಎಂದ. "ಇಬ್ಬರು ಅನುಭವಸ್ಥ ವ್ಯಾಪಾರಿಗಳು ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ಮೂಸುತ್ತಾರೆ, ಊಟದ ಹೊತ್ತಿಗೆ ತೀರ್ಪು."

"ವಕೀಲರು?"

"ಅವರನ್ನು ಒಳಗೆ ಬಿಡುವುದೇ ಇಲ್ಲ. ಅದಕ್ಕೇ ಬೇಗ ಮುಗಿಯುವುದು."

ಪುಟ್ಟತಾಯಮ್ಮನವರಿಗೆ ಇದನ್ನು ಕನ್ನಡದಲ್ಲಿ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಮದ್ದೂರಿನ ಸಂತೆಯಲ್ಲೂ ಬೆಲ್ಲವನ್ನು ಹಾಗೇ ಅಲ್ಲವೇ ನೋಡುವುದು ಎಂದರು. ಆದರೆ ಮೆಷಿನ್ನಿನ ತಕರಾರು ಹಾಗಲ್ಲ, ಅದಕ್ಕೆ ದೊಡ್ಡ ವಕೀಲರು, ಇಂಜಿನಿಯರುಗಳ ಸಾಕ್ಷಿ, ಎರಡು ಮೂರು ವರ್ಷ ಎಂದು ಫ್ಲೆಚರ್ ಸೇರಿಸಿದ. ನನ್ನ ಮುಖ ಅರಳಿತು, ಅವರದು ಬಾಡಿತು.

"ನಮ್ ಕಡೆ ಎಷ್ಟೊರ್ಸ ಸಾಮಿ?" ಎಂದು ಕೇಳಿದರು.

ನಾನು ಹೇಳಬೇಕಾಯಿತು. ನಮ್ಮಲ್ಲೂ ಪಂಚಾಯ್ತುದಾರರನ್ನು ನೇಮಿಸುವ ಕಾಯಿದೆ ಇದೆ. ಆದರೆ ಅವರು ಕೊಟ್ಟ ತೀರ್ಪನ್ನು ಮತ್ತೆ ಕೋರ್ಟಿಗೆ ಒಯ್ದು ಮುದ್ರೆ ಒತ್ತಿಸಬೇಕು. ಸೋತವನು ಅಲ್ಲಿ ತಕರಾರು ಹೂಡುತ್ತಾನೆ, ಆಮೇಲೆ ಅಪೀಲು. ಬೆಲ್ಲದ ಮಂಡಿಯ ಇಬ್ಬರು ಪಾಲುದಾರರ ಇಂಥದೊಂದು ಕೇಸು ನನ್ನ ತಂದೆಯವರಿಂದ ನನಗೆ ಬಂದಿದೆ. ಪಾಲುದಾರರಿಬ್ಬರೂ ಈಗಿಲ್ಲ.

ಅವರು ತಟ್ಟೆಗೆ ಕೈಹಾಕಿದರು. ಕಡ್ಡಿಯಲ್ಲಿ ಉಣ್ಣುವ ಪ್ರಯತ್ನವನ್ನು ಮೊದಲ ದಿನವೇ ಬಿಟ್ಟಿದ್ದರು. ಅನ್ನವನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡಿ, "ಇದೇನ್ ಅನ್ನವೋ ಮುದ್ದೆಯೋ, ಇಂಗೆ ಅಂಟ್ತದಲ್ಲ" ಎಂದವರು ಥಟ್ಟನೆ ಕೈ ತಡೆದರು. ಉಂಡೆಯಿಂದ ಒಂದು ಅಗುಳು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಊಟಕ್ಕೆ ಜೊತೆಯಲ್ಲಿದ್ದ ಹಿರಾಯಿಗೆ ನನ್ನಿಂದ ಹೇಳಿಸಿ ಅಡಿಗೆಮನೆಯಿಂದ ಒಂದು ಹಿಡಿ ಹಸಿ ಅಕ್ಕಿ ತರಿಸಿದರು. ಗುಂಡಗೆ, ಗಿಡ್ಡಗೆ, ದಪ್ಪಗೆ ಇತ್ತು.

"ಸಾಮಿ, ಇಲ್ನೋಡಿ. ಇವ್ರ ಕಾಳು ಗುಂಡು. ನಮ್ದು ಉದ್ದ, ಸಣ್ಣ. ಇವ್ರು ಮೆಸೀನು ಮಾಡಿರೋದು ಗುಂಡು ಕಾಳ್ಗೆ. ನಮ್ ಬತ್ತ ಸಿಪ್ಪೆ ಬುಡ್ನಿಲ್ಲ ಅಂತ ನಮ್ ಉಡುಗ್ರು ರೋಲರ್ನ ಬಿಗಿ ಮಾಡ್ದೋ. ಬಿಗಿ ಮಾಡ್ದಂಗೆ ಮುರೀತು. ಅಷ್ಟೇ ಕಣ್ ಸಾಮಿ! ನಮ್ ಬತ್ತ ಎಂಗದೆ ಅಂತ ಅವ್ರು ಒಂದ್ ಮಾತು ಕೇಳಬ್ಯಾಡವಾ?"

ನಾನು ತಟ್ಟೆ ಸರಿಸಿ ಕೈ ತೊಳೆಯಲು ಎದ್ದೆ.

ಎರಡನೆಯ ಬೈಠಕ್ಕು

ಮರುದಿನ ಓಕಾನೋ ಮೊದಲು ಪುಟ್ಟತಾಯಮ್ಮನವರನ್ನು, ಅವರ ಕನ್ನಡ ತಿಳಿಸಲು ನನ್ನನ್ನೂ, ಒಳಗೆ ಕರೆದರು, ಆಮೇಲೆ ಮೋರಿತನನ್ನು, ಕೊನೆಗೆ ನನ್ನೊಬ್ಬನನ್ನೇ. ಆಗ ಹಿರಾಯಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮುದುಕ ಚಹಾ ಕೊಟ್ಟು, ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಬೋರಲಾಗಿ ಇಟ್ಟರು. ತಿರುಗಿಸದೆಯೇ ನನಗೆ ಗೊತ್ತಾಯಿತು.

ಮೆಷಿನ್ನು ಹಡಗು ಹತ್ತುವ ಮೊದಲು ಕಂಪನಿ ನನಗೆ ಕಾಗದ ಬರೆದಿತ್ತು: ನಿಮ್ಮ ಭತ್ತದ ಮಾದರಿ ಕಳಿಸಿ, ಅದಕ್ಕೆ ತಕ್ಕಂತೆ ರೋಲರು ಹೊಂದಿಸುತ್ತೇವೆ ಎಂದು. ಆ ವಾರ ನನಗೆ ಕೈತುಂಬ ಕೇಸು. ಪುಟ್ಟತಾಯಮ್ಮನವರನ್ನು ಕೇಳುವ ಗೋಜಿಗೆ ಹೋಗದೆ, "ಮಾದರಿಯ ಅಗತ್ಯವಿಲ್ಲ, ಭತ್ತವೆಂದರೆ ಭತ್ತವೇ" ಎಂದು ಠೀವಿಯಾದ ಇಂಗ್ಲಿಷಿನಲ್ಲಿ ಉತ್ತರ ಬರೆದು, ಕೆಳಗೆ ರುಜು ಹಾಕಿದ್ದೆ. ತಕರಾರು ಶುರುವಾದ ಮೇಲೆ ಕಡತ ತಿರುವುವಾಗ ಅದರ ಪ್ರತಿ ಸಿಕ್ಕಿತ್ತು. ನಾನು ಅದನ್ನು ಕಟ್ಟಿನಿಂದ ತೆಗೆದು ಮನೆಯ ಬೀರುವಿನಲ್ಲಿ ಇಟ್ಟಿದ್ದೆ. ಅವರು ಎತ್ತಿದರೆ ನೋಡೋಣ, ಕರಾರಿನಲ್ಲಿ ಮಾದರಿಯ ಮಾತಿಲ್ಲ ಎಂದು ವಾದಿಸೋಣ ಎಂದುಕೊಂಡಿದ್ದೆ.

ಓಕಾನೋ ನಿಧಾನವಾಗಿ ಹೇಳಿದರು, ಹಿರಾಯಿ ಇಂಗ್ಲಿಷಿನಲ್ಲಿ ತಿಳಿಸಿದಳು. "ಕಂಪನಿಯವರು ಇದನ್ನು ಮೊದಲ ಬೈಠಕ್ಕಿನಲ್ಲಿ ಎಲ್ಲರ ಮುಂದೆ ಎತ್ತಲಿಲ್ಲ. ಎತ್ತಿದ್ದರೆ ಆ ತಾಯಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತಿತ್ತು, ಅವರಿಗೆ ಇನ್ನೊಬ್ಬ ವಕೀಲ ಹುಡುಕಲು ಕಷ್ಟವಾಗುತ್ತಿತ್ತು. ಕಂಪನಿಯದೂ ತಪ್ಪಿದೆ. ಇನ್ನೊಮ್ಮೆ ಕೇಳಬೇಕಿತ್ತು, ಕೇಳಲಿಲ್ಲ. ಈ ಕಾಗದವನ್ನು ಮೇಜಿನ ಮೇಲೆ ಇಡಬೇಕೋ, ಖಾನೆಯಲ್ಲೇ ಇಡಬೇಕೋ, ನೀವು ಹೇಳಿ."

ಬೋರಲು ಬಿದ್ದ ಆ ಹಾಳೆಯನ್ನು ನೋಡುತ್ತ ಕೂತೆ. ಮಂಡ್ಯದಲ್ಲಾಗಿದ್ದರೆ ಎದುರು ವಕೀಲರು ಇದನ್ನು ತುಂಬಿದ ಕೋರ್ಟಿನಲ್ಲಿ ಎರಡು ಸಲ ಜೋರಾಗಿ ಓದಿಸುತ್ತಿದ್ದರು. ಲಂಡನ್ನಿನಲ್ಲಿ ಇದಕ್ಕೆ ನಂಬರು ಹಾಕಿ ಸಾಕ್ಷಿಯ ದಾಖಲೆಗಳಿಗೆ ಸೇರಿಸುತ್ತಿದ್ದರು. ಬಾಗಿಲು ಹಾಕಿದ ಕೋಣೆಯನ್ನು ನಿನ್ನೆಯಷ್ಟೇ ಬಯ್ದಿದ್ದ ನಾನು, ಆ ಬಾಗಿಲು ಹಾಕಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ನಾಚಿಕೆಯೂ ಆಯಿತು.

"ನಾನೇ ಅವರಿಗೆ ಹೇಳುತ್ತೇನೆ" ಎಂದೆ.

ಹೊರಗೆ ಹೂದೋಟದ ಕಲ್ಲುಬೆಂಚಿನ ಮೇಲೆ ಪುಟ್ಟತಾಯಮ್ಮನವರು ಕೂತಿದ್ದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಕಾಗದ ಬಂದದ್ದು, ನಾನು ಬರೆದದ್ದು, ಬೀರುವಿನಲ್ಲಿ ಮುಚ್ಚಿಟ್ಟದ್ದು.

"ಬತ್ತ ಅಂದ್ರೆ ಬತ್ತ ಅಂತ ಬರದ್ರಾ?"

"ಬರೆದೆ."

"ನಿಮ್ಮನೇಲಿ ಅನ್ನ ಮಾಡಾಕೆ ಯಾವ ಅಕ್ಕಿ ತತ್ತೀರ, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ತರುವವಳು ನನ್ನ ಹೆಂಡತಿ.

"ಅದಕ್ಕೇ ಬರದೀರ ಬುಡಿ," ಎಂದರು. ಆಮೇಲೆ ದನಿ ಗಡುಸಾಯಿತು. "ತಪ್ಪು ಮಾಡಿದ್ದು ದೊಡ್ಡದಲ್ಲ ಸಾಮಿ. ಮುಚ್ಚಿಟ್ರಲ್ಲ, ಅದು. ನಾನು ಇಂಗ್ಲೀಸ್ ಓದಿದ್ರೆ ನೀವು ಮುಚ್ಚಿಡ್ತಾ ಇದ್ರಾ?"

ನಾನು ಕೈಮುಗಿದೆ. ಅವರು ಮುಖ ತಿರುಗಿಸಿದರು. "ಏಳಿ, ಒಳಕ್ಕೋಗವ. ಆ ಮುದುಕಪ್ಪ ಕಾಯ್ತಾವ್ನೆ" ಎಂದು ತಾವೇ ಮೊದಲು ಎದ್ದರು.

ಕಾರ್ಖಾನೆ

ಮೂರನೆಯ ಬೈಠಕ್ಕು ಕೋಣೆಯಲ್ಲಿ ನಡೆಯಲಿಲ್ಲ. ಕಂಪನಿಯ ಕಾರ್ಖಾನೆಯಲ್ಲಿ, ನಮ್ಮದೇ ಮಾದರಿಯ ಮೆಷಿನ್ನಿನ ಮುಂದೆ ನಡೆಯಿತು. ಓಕಾನೋ ಅಧಿಕಾರಿಗಳಿಗೆ ಬರೆದು, ನಮ್ಮ ಭತ್ತಕ್ಕೆ ಔಷಧದ ಹೊಗೆ ಹಾಕಿಸಿ ಬಿಡಿಸಿಕೊಂಡಿದ್ದರು. ಪರೀಕ್ಷೆಯಾದ ಮೇಲೆ ಹೊಟ್ಟಿನ ಸಮೇತ ಸುಟ್ಟುಬಿಡಬೇಕೆಂಬ ಕರಾರಿನ ಮೇಲೆ.

ಇಷಿದ ಎಂಬ ನಡುವಯಸ್ಸಿನ ಮೆಕ್ಯಾನಿಕ್ಕು ಮೆಷಿನ್ನಿನ ಬಳಿ ನಿಂತಿದ್ದ. ಪುಟ್ಟತಾಯಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಪಕ್ಕಕ್ಕೆ ಹೋದರು. ಹಿರಾಯಿ ಬಾಯಿ ತೆರೆಯುವ ಮೊದಲೇ ಅವರಿಬ್ಬರ ಮಾತು ಶುರುವಾಗಿತ್ತು.

"ಸಡ್ಲ ಮಾಡಪ್ಪ. ಇನ್ನೊಸಿ. ಆಂ, ಅಷ್ಟು. ಈಗ ಬುಡು."

ಅವನು ಜಪಾನಿಯಲ್ಲಿ ಏನೋ ಕೇಳಿದ. ಇವರು ಕನ್ನಡದಲ್ಲಿ ಉತ್ತರ ಕೊಟ್ಟರು. ಅವನು ರೋಲರು ಬದಲಿಸಿದ, ಜರಡಿ ಬದಲಿಸಿದ. ಮೊದಲ ಸಲ ನುಚ್ಚು, ಎರಡನೆಯ ಸಲ ಅರ್ಧಕ್ಕರ್ಧ. ಮೂರನೆಯ ಸಲ ಮೆಷಿನ್ನಿನ ಬಾಯಿಂದ ಇಳಿದ ಅಕ್ಕಿಯನ್ನು ಇವರು ಬೊಗಸೆಯಲ್ಲಿ ಹಿಡಿದು, ಹೊಟ್ಟು ಊದಿ, ನನ್ನ ಕಡೆ ಚಾಚಿದರು. ಉದ್ದುದ್ದ ಕಾಳು, ಮುರಿದದ್ದು ಅಲ್ಲೊಂದು ಇಲ್ಲೊಂದು. ಅವರ ಕಣ್ಣು ತುಂಬಿತ್ತು. ಇಷಿದನೂ ತನ್ನ ಟೊಪ್ಪಿ ತೆಗೆದು ನಗುತ್ತಿದ್ದ.

ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ರಾಜಿಪತ್ರವಾಯಿತು. ಹೊಸ ರೋಲರು, ಜರಡಿ ಕಂಪನಿಯದು. ಸಾಗಾಟದ ಖರ್ಚು ನಮ್ಮದು. ಒಂದು ಸುಗ್ಗಿ ಮುಗಿಯುವವರೆಗೆ ಇಷಿದ ಮದ್ದೂರಿನಲ್ಲಿದ್ದು ನಮ್ಮವರಿಗೆ ಕಲಿಸಬೇಕು, ಅವನ ಊಟ ವಸತಿ ಪುಟ್ಟತಾಯಮ್ಮನವರದು. ಅರ್ಧ ಹಾಳೆ ಸಾಕಾಯಿತು. ಯಾರು ತಪ್ಪು, ಯಾರು ಸರಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ವಕೀಲನಾಗಿ ನನಗೆ ಅದು ಉಪ್ಪಿಲ್ಲದ ಸಾರಿನಂತೆ ಕಂಡಿತು. ಬರೆದಿದ್ದರೆ ಮೊದಲು ನನ್ನ ಹೆಸರೇ ಬರುತ್ತಿತ್ತು ಎಂದು ನೆನಪಾಗಿ ಸುಮ್ಮನೆ ರುಜು ಹಾಕಿದೆ. ಲಂಡನ್ನು ಅಲ್ಲಿಗೆ ಮುಗಿಯಿತು.

ಮತ್ತೆ ಮದ್ದೂರು

ಇಷಿದ ಬಂದ. ಮೊದಲ ವಾರ ಖಾರಕ್ಕೆ ಕಣ್ಣೀರು ಸುರಿಸಿದ, ಎರಡನೆಯ ವಾರ ಮದ್ದೂರು ವಡೆಗೆ ಒಲಿದ, ಸಂಕ್ರಾಂತಿಯ ಹೊತ್ತಿಗೆ "ಬುಡು ಬುಡು" ಎನ್ನಲು ಕಲಿತ. ಮೆಷಿನ್ನು ತಿರುಗಿತು. ಸುದ್ದಿ ಹೇಗೋ ಹರಡಿ, ಒಂದು ಬೆಳಿಗ್ಗೆ ಕೆರಗೋಡಿನ ಗಾಡಿಗಳು ಮತ್ತೆ ಮಿಲ್ಲಿನ ಮುಂದೆ ನಿಂತವು. ಆ ದಿನ ನಾನೂ ಅಲ್ಲಿದ್ದೆ. ಪುಟ್ಟತಾಯಮ್ಮನವರ ದೊಡ್ಡ ಮೈದುನರೂ ಬಂದಿದ್ದರು. ಇಳಿಯುತ್ತಿದ್ದ ಅಕ್ಕಿಯನ್ನು ಅವರು ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು. ಮೆಚ್ಚಿದರೆಂದು ಮುಖದಲ್ಲೇ ಗೊತ್ತಾಗುತ್ತಿತ್ತು, ಬಾಯಲ್ಲಿ ಹೇಳಲಿಲ್ಲ.

"ಸರಿ ಕಣತ್ತಿಗೆ, ಮೆಸೀನು ಸರೋಯ್ತು," ಎಂದರು. "ಅಂಗಾರೆ ತಪ್ಪು ಯಾರ್ದು? ಜಪಾನ್‌ನೋರ್ದಾ? ನಮ್ ಕಡೆಯೋರ್ದಾ? ಅಲ್ಲಿ ನಾಯ ಯೋಳ್ದೋನು ಏನಂದ?"

ಗಾಡಿಗಳ ಹತ್ತಿರ ನಿಂತಿದ್ದ ರೈತರೂ ಕಿವಿಗೊಟ್ಟರು. ಮಿಲ್ಲಿನ ಆಳುಗಳೂ ಕೈ ನಿಲ್ಲಿಸಿದರು. ಹತ್ತಿಪ್ಪತ್ತು ಜನ. ನಾಲ್ಕು ಜನಕ್ಕೆ ಕೇಳಿಸಬೇಕು ಎಂದು ವಾದಿಸಿದ್ದ ಹೆಂಗಸಿನ ಮುಂದೆ ಇಡೀ ಊರೇ ಕೇಳಲು ನಿಂತಂತಿತ್ತು. ನಾನು ನೆಲ ನೋಡುತ್ತ ನಿಂತೆ.

ಪುಟ್ಟತಾಯಮ್ಮನವರು ಕೈಯ ತೌಡು ಕೊಡವಿಕೊಂಡರು.

"ಅದು ಬಾಗ್ಲು ಆಕೊಂಡು ಆಡಿದ್ ಮಾತು ಕಣಪ್ಪ. ಆಚೆ ಯೋಳಾಂಗಿಲ್ಲ. ಕಾಯಿದೆ." ನನ್ನ ಕಡೆ ತಿರುಗಿದರು. "ಅಲ್ವಾ ಲಾಯರ್ ಸಾಮಿ?"

"ಹಾಯ್" ಎಂದೆ.